ಆಲೆಮನೆಗೆ ಕ್ಯಾಮೆರಾ ಹಿಡಿದು ಹೋದ ಗೆಳೆಯನಿಗೆ

ಗೆಳೆಯಾ,

ನೀನು ಕಳಿಸಿದ ಆಲೆಮನೆ ಕ್ಲಿಪ್‌ಗಳನ್ನೆಲ್ಲ ಕೂತು ನೋಡಿದೆ. ವಿಷಯ ಚೆನ್ನಾಗಿ ಆರಿಸಿಕೊಂಡಿದ್ದೀಯ. ಮಂಡ್ಯದವನು ಬೇರೆಲ್ಲೋ ಹೋಗಿ ಡ್ರೋನ್ ಹಾರಿಸೋದಕ್ಕಿಂತ ಮಾವನ ಆಲೆಮನೆಯೇ ಮೇಲು. ಎಡಿಟಿಂಗಿಗೆ ಕೂತರೆ ಒಂದಕ್ಕೊಂದು ಕೂಡ್ತಾನೇ ಇಲ್ಲ ಅಂತ ಬರೆದಿದ್ದೆಯಲ್ಲ, ಅದರಲ್ಲಿ ಆ್ಯಪ್‌ನ ತಪ್ಪೇನಿಲ್ಲ. ನಿನ್ನ ಕೈ ಒಂದು ಕಡೆ ನಿಲ್ಲೋದಿಲ್ಲ ಕಣೋ. ಗಾಣ, ಕೊಪ್ಪರಿಗೆ, ಮಾವನ ಮುಖ, ಒಲೆ, ಎಲ್ಲವನ್ನೂ ಒಂದೇ ಉಸಿರಿಗೆ ಸುತ್ತಿಬಿಟ್ಟಿದ್ದೀಯ. ಕತ್ತರಿ ಹಾಕೋಕೆ ಜಾಗವೆಲ್ಲಿ?

ಮುಂದಿನ ಸಲ ಇಡೀ ಆಲೆಮನೆ ಬೇಡ, ಒಂದು ಕೆಲಸ ಹಿಡಿ. ಪಾಕ ಬಂತಾ ಅಂತ ಮಾವ ನೋಡ್ತಾರಲ್ಲ, ಅದೇ ಸಾಕು. ಕುದಿಯುವ ಪಾಕ ಒಂಚೂರು ತೆಗೆದು ತಣ್ಣೀರಿಗೆ ಬಿಡುತ್ತಾರೆ. ಬೆರಳಲ್ಲಿ ಉರುಟಿ ನೋಡುತ್ತಾರೆ. ಉಂಡೆ ಕಟ್ಟಿದರೆ ಆಯಿತು, ಇಲ್ಲದಿದ್ದರೆ ಇನ್ನೂ ಕುದಿಯಬೇಕು. ದೂರದಿಂದ ಕೊಪ್ಪರಿಗೆ ಮತ್ತು ಮಾವ ಒಂದು ಶಾಟ್. ಬರೀ ಕೈ ಇನ್ನೊಂದು. ನೀರೊಳಗಿನ ಬೆರಳು ಮತ್ತೊಂದು. ಆಮೇಲೆ ಮುಖ. ಪ್ರತಿ ಶಾಟ್‌ಗೂ ಮನಸ್ಸಲ್ಲೇ ಹತ್ತರವರೆಗೆ ಎಣಿಸು, ಅಲ್ಲಿವರೆಗೂ ಫೋನ್ ಅಲುಗಾಡಕೂಡದು. ಮಾವ ಹೇಗೂ ಪಾಕ ಮತ್ತೆ ಮತ್ತೆ ನೋಡ್ತಾರೆ, ಆದ್ದರಿಂದ ಅವಸರ ಬೇಡ.

ಈ ನಾಲ್ಕು ತುಂಡು ಕೈಯಲ್ಲಿದ್ದರೆ ಎಡಿಟಿಂಗ್ ಅರ್ಧ ಮುಗಿದ ಹಾಗೆ. ದೂರದ ಶಾಟ್‌ನಲ್ಲಿ ಕೈ ನೀರಿನ ಕಡೆ ಹೊರಟಾಗಲೇ ಕತ್ತರಿಸು, ಹತ್ತಿರದ ಶಾಟ್‌ನಲ್ಲಿ ಅದೇ ಕೈ ನೀರಿಗಿಳಿಯಲಿ. ಚಲನೆಯ ನಡುವೆ ಕತ್ತರಿಸಿದರೆ ಕಟ್ ಕಣ್ಣಿಗೆ ಬೀಳೋದೇ ಇಲ್ಲ. ಮುಖದ ಶಾಟ್ ಬೆರಳಿನ ಶಾಟ್ ಆದ ಕೂಡಲೇ ಬರಲಿ. ಮಾವ ಸುಮ್ನೆ ನೋಡುತ್ತಿದ್ದರೂ ಪಾಕ ಕೆಟ್ಟೀತೇ ಅನ್ನೋ ಆತಂಕ ಆ ಮುಖದಲ್ಲಿ ಕಾಣುತ್ತದೆ. ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ನೂರು ವರ್ಷದ ಹಿಂದೆಯೇ ಇದನ್ನು ಮಾಡಿ ತೋರಿಸಿದ್ದ. ನಟನ ಅದೇ ಒಂದು ಮುಖದ ಪಕ್ಕ ಒಮ್ಮೆ ಸೂಪ್ ಬಟ್ಟಲು, ಒಮ್ಮೆ ಶವಪೆಟ್ಟಿಗೆ ಜೋಡಿಸಿದ. ಜನ ಒಮ್ಮೆ ಹಸಿವು ಕಂಡರು, ಒಮ್ಮೆ ದುಃಖ ಕಂಡರು.

ನಿನ್ನ ವಿಡಿಯೋದಲ್ಲಿ ಆವಿ ಬರೀ ಮಂಕು ಬಿಳುಪು. ಬೆಳಕು ನಿನ್ನ ಬೆನ್ನ ಹಿಂದಿದೆ, ಅದಕ್ಕೇ ಹಾಗೆ. ಬಾಗಿಲು ಆವಿಯ ಆಚೆ ಬರೋ ಹಾಗೆ ನಿಂತು ನೋಡು, ಒಂದೊಂದು ಸುರುಳಿಯೂ ಎದ್ದು ಕಾಣುತ್ತದೆ. ಆಗ ಫೋನ್ ತಲೆಕೆಟ್ಟು ಬೆಳಕನ್ನು ಏರಿಸಿ ಇಳಿಸಿ ಮಾಡುತ್ತದೆ. ಪರದೆ ಮೇಲೆ ಬೆರಳನ್ನು ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಶರ್ (ಚಿತ್ರಕ್ಕೆ ಬೀಳೋ ಬೆಳಕಿನ ಅಳತೆ) ಎರಡನ್ನೂ ಲಾಕ್ ಮಾಡಿಕೋ. ನಡುನಡುವೆ ಲೆನ್ಸ್ ಒರೆಸು. ರಾತ್ರಿ ಟ್ಯೂಬ್‌ಲೈಟ್‌ನಲ್ಲಿ ಚಿತ್ರ ಮಿಣಮಿಣ ಅನ್ನುತ್ತಿತ್ತಲ್ಲ? ನಮ್ಮ ಕರೆಂಟು 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಆವರ್ತ, ಟ್ಯೂಬ್‌ಲೈಟೂ ಅದರ ಜೊತೆಗೇ ಮಿನುಗುತ್ತದೆ. ಕ್ಯಾಮೆರಾದಲ್ಲಿ ಎಲ್ಲವನ್ನೂ ನಾವೇ ಹೊಂದಿಸೋ ಪ್ರೋ ಮೋಡ್‌ಗೆ ಹೋಗಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಟ್ಟರೆ ನಿಲ್ಲುತ್ತದೆ. 4ಕೆ ಬೇಡ. 1080ಪಿಗಿಂತ ಅದರಲ್ಲಿ ನಾಲ್ಕು ಪಟ್ಟು ಪಿಕ್ಸೆಲ್, ನಿನ್ನ ಫೋನ್ ಎಡಿಟಿಂಗ್‌ನಲ್ಲಿ ಉಸಿರುಗಟ್ಟುತ್ತದೆ.

ಧ್ವನಿ ಮಾತ್ರ ನಿಜಕ್ಕೂ ಕಷ್ಟದ್ದು. ಗಾಣದ ಸದ್ದಿನಲ್ಲಿ ಮಾವನ ಮಾತು ಒಂದಕ್ಷರವೂ ಕೇಳಲ್ಲ. ಚಿತ್ರ ಸ್ವಲ್ಪ ಕೆಟ್ಟರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಗಾಣ ನಿಲ್ಲಿಸಿದ ಮೇಲೆ ಮಾತಾಡಿಸು. ಮನೆಯಲ್ಲಿರೋ ಇನ್ನೊಂದು ಫೋನ್‌ನಲ್ಲಿ ರೆಕಾರ್ಡರ್ ಆನ್ ಮಾಡಿ ಅವರ ಅಂಗಿ ಜೇಬಿಗೆ ಹಾಕು. ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟು. ಎಡಿಟಿಂಗ್‌ನಲ್ಲಿ ಆ ಸದ್ದು ವಿಡಿಯೋ, ರೆಕಾರ್ಡರ್ ಎರಡರ ಧ್ವನಿ ಗೆರೆಯಲ್ಲೂ ಚೂಪಾಗಿ ಕಾಣುತ್ತದೆ, ಹೊಂದಿಸೋದು ಸುಲಭ. ಗಾಣದ ಸದ್ದನ್ನು ಬೇರೆಯಾಗಿ ಒಂದು ನಿಮಿಷ ಹಿಡಿದುಕೋ, ಮಾತಿನ ಕೆಳಗೆ ಸಣ್ಣಗೆ ಹಾಕಬಹುದು. ಆ ಕೊಳಲಿನ ಸಂಗೀತ ದಯವಿಟ್ಟು ತೆಗೆ ಮಾರಾಯ. ಹಳ್ಳಿ ಅಂದ ಕೂಡಲೇ ಎಲ್ಲರೂ ಅದನ್ನೇ ಹಾಕ್ತಾರೆ.

ಹೆಸರು ಹಾಕುವಾಗ ಒತ್ತಕ್ಷರ ಒಡೆದು ಕಂಡರೆ ಆ್ಯಪ್ ಜೊತೆ ಗುದ್ದಾಡಬೇಡ. ಕನ್ನಡ ಸರಿಯಾಗಿ ಮೂಡೋ ಕಡೆ ಬರೆದು, ಪಾರದರ್ಶಕ ಪಿಎನ್‌ಜಿ ಚಿತ್ರ ಮಾಡಿ ವಿಡಿಯೋ ಮೇಲೆ ಕೂರಿಸು. ನೋಟೋ ಸಾನ್ಸ್ ಕನ್ನಡ ಫಾಂಟ್ ಉಚಿತವಾಗಿ ಸಿಗುತ್ತದೆ.

ಎರಡು ನಿಮಿಷಕ್ಕಿಂತ ಜಾಸ್ತಿ ಬೇಡ. ಮುಗಿದ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸು. ವಿಡಿಯೋ ಅಂತಲೇ ಕಳಿಸಿದರೆ ಕುಗ್ಗಿ ಬರುತ್ತದೆ, ಆಮೇಲೆ ಫೋಕಸ್ ಸರಿಯಿಲ್ಲ ಅಂತ ನಾನು ನಿನ್ನನ್ನೇ ಬಯ್ಯುತ್ತೇನೆ.

ನಿನ್ನ ಗೆಳೆಯ