ಯಾವ ಕೈ?

ಪ್ರೀತಿಯ ಸೀನ,

ನಾನು ಅಮ್ಮನ ಜೊತೆ ಜಪಾನಿನ ಒಸಾಕಾಗೆ ಹೋಗಿಬಂದ ಮೇಲೆ, ಅಲ್ಲಿ ಏನು ನೋಡಬೇಕು, ಏನು ತಿನ್ನಬೇಕು, ಏನು ತರಬೇಕು ಅಂತ ನೀನು ಮೂರು ಸಲ ಕೇಳಿದೆ. ಫೋನಿನಲ್ಲಿ ಹೇಳಿದರೆ ನೀನು ಮರೆಯುತ್ತೀಯ. ಅದಕ್ಕೇ ಪತ್ರ. ಎಲ್ಲರೂ ಓದುವ ಕಡೆ ಹಾಕುತ್ತಿದ್ದೇನೆ, ಬೇರೆ ಯಾರಿಗಾದರೂ ಉಪಯೋಗಕ್ಕೆ ಬರಲಿ. ಅರಸೀಕೆರೆ ಪ್ಲಾಟ್‌ಫಾರ್ಮಿನ ಕಥೆ ನಾನು ಇಲ್ಲಿ ಎತ್ತುವುದಿಲ್ಲ. ನೀನೂ ಎತ್ತಬೇಡ.

ನೀನು ಇಳಿಯುವುದು ಸಮುದ್ರದ ನಡುವೆ. ಕನ್ಸಾಯ್ ವಿಮಾನ ನಿಲ್ದಾಣವನ್ನು ಕೊಲ್ಲಿಯಲ್ಲಿ ಮಣ್ಣು ತುಂಬಿ, ದ್ವೀಪ ಮಾಡಿ ಕಟ್ಟಿದ್ದಾರೆ, 1994ರಲ್ಲಿ ತೆರೆದದ್ದು. ಅಲ್ಲಿಂದ ನಂಕಾಯ್ ರೈಲು ಹತ್ತಿದರೆ ಸೀದಾ ಊರಿನ ನಡುವಿನ ನಂಬಾ. ರೂಮು ನಂಬಾ ಹತ್ತಿರವೇ ಮಾಡು. ನಿನಗೆ ಬೇಕಾದದ್ದು ಮುಕ್ಕಾಲು ಪಾಲು ಅಲ್ಲಿಂದ ನಡೆದು ಹೋಗುವ ದೂರದಲ್ಲೇ ಇದೆ.

ಮೊದಲ ಸಂಜೆ ಡೋಟೊನ್‌ಬೋರಿಗೆ ಹೋಗು. 1615ರಲ್ಲಿ ತೋಡಿ ಮುಗಿಸಿದ ಕಾಲುವೆ ಅದು. ಎರಡೂ ದಡದಲ್ಲಿ ಹೋಟೆಲು, ಅಂಗಡಿ, ದೀಪ. ಗ್ಲಿಕೊ ಅನ್ನುವ ಮಿಠಾಯಿ ಕಂಪನಿಯ, ಕೈ ಎತ್ತಿ ಓಡುವ ಮನುಷ್ಯನ ಫಲಕ ಇದೆಯಲ್ಲ, ಅದನ್ನು ಮೊದಲು ಹಾಕಿದ್ದು 1935ರಲ್ಲಿ. ಈಗಿರುವುದು ಆರನೆಯದು, 2014ರದು. ಸೇತುವೆ ಮೇಲೆ ಎಲ್ಲರೂ ಅವನ ಹಾಗೇ ಕೈ ಎತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ನೀನೂ ತೆಗೆಸಿಕೋ. ಆ ಊರಿನವರಿಗೆ 'ಕುಯಿದಾವೊರೆ' ಅಂತ ಒಂದು ಮಾತಿದೆ. ತಿಂದು ತಿಂದೇ ದಿವಾಳಿ ಆಗುವುದು ಅಂತ ಅರ್ಥ. ಅದನ್ನು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಅಲ್ಲಿ ಹೆಜ್ಜೆಗೊಂದು ತಾಕೊಯಾಕಿ ಅಂಗಡಿ. ಅಮ್ಮ ಮೊದಲನೆಯದರ ಮುಂದೆಯೇ ನಿಂತುಬಿಟ್ಟಳು. "ಇದು ಪಡ್ಡಿನ ಹಂಚು ಕಣೋ!" ನಿಜವೇ. ಅದೇ ಗುಳಿ, ಅದೇ ಎಣ್ಣೆ, ಅದೇ ಹಿಟ್ಟು ಹೊಯ್ಯುವ ಸದ್ದು. ಚೂಪು ಕಡ್ಡಿಯಿಂದ ಒಂದೊಂದನ್ನೇ ತಿರುಗಿಸಿ ಗುಂಡಗೆ ಮಾಡುತ್ತಾರೆ. ಒಳಗೆ ಮಾತ್ರ ಆಕ್ಟೋಪಸ್ ತುಂಡು. "ಅದೊಂದು ಹಾಕದೆ ನಮಗೆ ನಾಲ್ಕು ಮಾಡಿಕೊಡು ಅನ್ನು" ಅಂದಳು ಅಮ್ಮ. ಹಿಟ್ಟಿನಲ್ಲೇ ಮೀನಿನ ಸಾರು ಇರುತ್ತದೆ ಅಂದಾಗ ಮುಖ ಸಣ್ಣದಾಯಿತು. ಆದರೂ ಹತ್ತು ನಿಮಿಷ ನಿಂತು, ಆ ಹುಡುಗ ತಿರುಗಿಸುವ ಕೈಯನ್ನೇ ನೋಡಿದಳು.

ಇದನ್ನು ನೀನು ಸರಿಯಾಗಿ ತಿಳಿದುಕೊಂಡು ಹೋಗು, ನಿನ್ನ ಮನೆಯವರೂ ಮೀನು ಮುಟ್ಟುವುದಿಲ್ಲ ಅಲ್ವಾ. ಅಲ್ಲಿ ಅಡುಗೆಯ ಬುಡವೇ 'ದಾಶಿ'. ಕೊಂಬು ಎನ್ನುವ ಕಡಲಪಾಚಿ, ಒಣಗಿಸಿ ಹೆರೆದ ಕತ್ಸುವೊ ಮೀನು, ಇವೆರಡರ ತಿಳಿಸಾರು. ಕೊಂಬು ಬೆಳೆಯುವುದು ದೂರದ ಉತ್ತರದ ಹೊಕ್ಕೈಡೊದಲ್ಲಿ. ಹಿಂದೆ ಹಡಗುಗಳು ಅದನ್ನು ತಂದು ಒಸಾಕಾದಲ್ಲಿ ಇಳಿಸುತ್ತಿದ್ದವು, ಹಾಗಾಗಿ ಆ ಊರಿಗೆ ಅದರ ರುಚಿ ಹತ್ತಿತು. ಬರೀ ಕೊಂಬು ಆದರೆ ನಮಗೇನೂ ತೊಂದರೆ ಇಲ್ಲ. ಆದರೆ ಉಡೊನ್ ಎನ್ನುವ ದಪ್ಪ ಗೋಧಿ ಶಾವಿಗೆಯ ಸಾರಿನಲ್ಲಿ, ಸಿಹಿ ತೋಫು ಚೀಲದೊಳಗೆ ಅನ್ನ ತುಂಬಿದ ಇನಾರಿಯಲ್ಲಿ, ಬೇಯಿಸಿದ ತರಕಾರಿಯಲ್ಲಿ ಕೂಡ ಮೀನಿನ ದಾಶಿ ಬರುತ್ತದೆ. 'ಸಸ್ಯಾಹಾರಿ' ಅಂದರೆ ಸಾಲದು. ಮಾಂಸ, ಮೀನು, ಕತ್ಸುವೊ ದಾಶಿ, ಮೂರೂ ಬೇಡ ಅಂತ ಜಪಾನಿಯಲ್ಲಿ ಬರೆಸಿ ಇಟ್ಟುಕೋ. ನಮ್ಮನ್ನು ಕಾಪಾಡಿದ್ದು ಸೌತೆಕಾಯಿ ಸುಶಿ, ಉಮೆಬೋಶಿ ಇಟ್ಟ ಅನ್ನದ ಉಂಡೆ, ಸಪ್ಪೆ ಮೊಸರು, ಮತ್ತೆ ಅಮ್ಮ ಕಟ್ಟಿಕೊಂಡು ಬಂದ ಅವಲಕ್ಕಿ, ಶೇಂಗಾ ಚಟ್ನಿಪುಡಿ. ಉಮೆಬೋಶಿ ಹುಳಿ ಉಪ್ಪಿನ ಕಾಯಿ, ನಮ್ಮ ನಾಲಿಗೆಗೆ ಹಿಡಿಸುತ್ತದೆ. ಕೆಲವಕ್ಕೆ ಅದರಲ್ಲೂ ಕತ್ಸುವೊ ಸೇರಿಸುತ್ತಾರೆ, ಕೇಳಿಯೇ ತಗೋ.

ಡೋಟೊನ್‌ಬೋರಿಯ ಗದ್ದಲದಿಂದ ಎರಡು ನಿಮಿಷ ಒಳಗೆ ನಡೆದರೆ ಹೋಜೆನ್‌ಜಿ. 1637ರ ಗುಡಿ. ಓಣಿ ಸಣ್ಣದು, ಕಲ್ಲು ಹಾಸು, ಕಾಗದದ ದೀಪ. ಅಲ್ಲಿನ ಫುದೊ ದೇವರಿಗೆ ಬಂದವರೆಲ್ಲ ನೀರು ಎರೆಯುತ್ತಾರೆ. ಎರೆದು ಎರೆದು ಮೈಯೆಲ್ಲ ಹಸಿರು ಪಾಚಿ. ಮುಖವೂ ಕಾಣದಷ್ಟು ದಪ್ಪ. ಫುದೊ ಅಂದರೆ ಸಂಸ್ಕೃತದ 'ಅಚಲ'. ಆ ಮಾತು ಹೇಳಿದ್ದೇ ತಡ, ಅಮ್ಮ ಚಪ್ಪಲಿ ಬಿಟ್ಟಳು. ಬಿಡುವ ಪದ್ಧತಿ ಅಲ್ಲಿಲ್ಲ, ಆದರೂ ಬಿಟ್ಟಳು. ಸೌಟಿನಲ್ಲಿ ನೀರು ತುಂಬಿ ಎರೆದಳು. ಎಡಗೈಯಲ್ಲಿ ಎರೆಯುತ್ತಿದ್ದಳು. ನಾನೇ "ಬಲಗೈಲಿ ಹಾಕಮ್ಮ, ದೇವರು" ಅಂದೆ. ತಕ್ಷಣ ಕೈ ಬದಲಿಸಿದಳು.

ಕೋಟೆ ನೋಡು, ಆದರೆ ಅರ್ಧ ದಿನ ಸಾಕು. ಜಪಾನನ್ನು ಒಂದುಗೂಡಿಸಿದ ದಳಪತಿ ಹಿದೆಯೋಶಿ 1583ರಲ್ಲಿ ಶುರು ಮಾಡಿದ ಕೋಟೆ ಸುಟ್ಟುಹೋಯಿತು. ಈಗ ಕಾಣುವ ಗೋಪುರ 1931ರಲ್ಲಿ ಊರಿನ ಜನ ಚಂದಾ ಹಾಕಿ ಎಬ್ಬಿಸಿದ ಕಾಂಕ್ರೀಟ್ ಕಟ್ಟಡ, ಒಳಗೆ ಲಿಫ್ಟ್ ಇದೆ. ಗೋಪುರಕ್ಕಿಂತ ಅದರ ಕಲ್ಲಿನ ಗೋಡೆ ಚೆಂದ. ನೂರು ಟನ್‌ಗೂ ಜಾಸ್ತಿ ತೂಗುವ ಕಲ್ಲುಗಳೂ ಅದರಲ್ಲಿವೆ. ಚಿತ್ರದುರ್ಗ ನೋಡಿ ಬೆಳೆದವರಿಗೆ ಅದರ ಮುಂದೆ ನಿಲ್ಲುವ ಆಸೆ ಆಗೇ ಆಗುತ್ತದೆ.

ಮಾರುಕಟ್ಟೆ ವಿಷಯ. ಕುರೊಮೊನ್ ಹೆಸರು ದೊಡ್ಡದು, ಆದರೆ ಈಗ ಪ್ರವಾಸಿಗಳಿಗೆಂದೇ ಇಟ್ಟ ಬೆಲೆ. ನನ್ನ ಮಾತು ಕೇಳಿ ತೆಂಜಿನ್‌ಬಾಶಿಸುಜಿಗೆ ಹೋಗು. 2.6 ಕಿಲೋಮೀಟರ್ ಉದ್ದದ, ಬಹುಪಾಲು ಮೇಲೆ ಚಾವಣಿ ಇರುವ ಬೀದಿ. ಅಲ್ಲಿ ಊರಿನವರೇ ಚೀಲ ಹಿಡಿದು ತರಕಾರಿ, ಚಹಾ, ಚಪ್ಪಲಿ ಕೊಳ್ಳುತ್ತಾರೆ. ಮಳೆ ಬಂದರೂ ಚಿಂತೆ ಇಲ್ಲ. ಆಮೇಲೆ ನಂಬಾ ಹತ್ತಿರದ ದೋಗುಯಾಸುಜಿ, ಅಡುಗೆ ಸಾಮಾನಿನ ಬೀದಿ. ಹೋಟೆಲಿನ ಗಾಜಿನ ಪೆಟ್ಟಿಗೆಯಲ್ಲಿ ಇಡುವ ಪ್ಲಾಸ್ಟಿಕ್ ತಿಂಡಿಗಳೂ ಅಲ್ಲೇ ಸಿಗುತ್ತವೆ. ಅಮ್ಮ ಅಲ್ಲಿ ಕಬ್ಬಿಣದ ತಾಕೊಯಾಕಿ ಹಂಚು ಕೊಂಡಳು. ದಾವಣಗೆರೆಗೆ ಬಂದು ಅದರಲ್ಲೇ ಪಡ್ಡು ಹುಯ್ದಳು. ಗುಳಿ ನಮ್ಮದಕ್ಕಿಂತ ಸಣ್ಣದು, ಅದಕ್ಕೇ ಅಂಚು ಇನ್ನೂ ಗರಿಗರಿ.

ಈಗ ಚಾಕು.

ನಾನು ಹಾಕಿದ ಫೋಟೋ ನೋಡಿದ್ದೀಯ. ಅಮ್ಮ ಸಕಾಯಿಯ ಅಂಗಡಿಯಲ್ಲಿ ಚಾಕು ಹಿಡಿದು ನಿಂತದ್ದು. ಅದರ ಕೆಳಗೆ ನೀನು 'ಇಂಥ ಮಗ ಇರಬೇಕು' ಅಂತ ಬರೆದೆ. ಇನ್ನೂ ಎಷ್ಟೋ ಜನ ಅದೇ ಬರೆದರು. ಆವತ್ತಿನಿಂದ ಆ ಮಾತು ಚುಚ್ಚುತ್ತಿದೆ ಸೀನ.

ಸಕಾಯಿ ಒಸಾಕಾಗೆ ಅಂಟಿಕೊಂಡ ಊರು. ಹಂಕಾಯ್ ಟ್ರಾಮಿನಲ್ಲಿ ಮನೆಗಳ ನಡುವೆ ನಿಧಾನಕ್ಕೆ ಹೋಗಬಹುದು. ಟ್ರಾಮಿನಲ್ಲಿ ಒಬ್ಬ ಅಜ್ಜಿ ಚೀಲದಿಂದ ಮಿಠಾಯಿ ತೆಗೆದು ಅಮ್ಮನ ಕೈಗಿಟ್ಟರು. ಒಸಾಕಾದ ಅಜ್ಜಿಯರು ಹಾಗೇ. ಮಿಠಾಯಿಗೂ ಮಕ್ಕಳ ಹೆಸರಿಗೆ ಸೇರಿಸುವ ಹಾಗೆ ಮುದ್ದಿನ ಬಾಲ ಸೇರಿಸಿ 'ಅಮೆ-ಚಾನ್' ಅನ್ನುತ್ತಾರೆ. ಅಮ್ಮ ಸೆರಗಿನ ಗಂಟಿನಿಂದ ಏಲಕ್ಕಿ ತೆಗೆದು ಕೊಟ್ಟಳು. ಇಬ್ಬರೂ ಬಾಯಿಗೆ ಹಾಕಿಕೊಂಡು ಸುಮ್ನೆ ಕೂತರು.

ಪೋರ್ಚುಗೀಸರು ತಂಬಾಕು ತಂದ ಮೇಲೆ ಅದರ ಎಲೆ ಹೆಚ್ಚುವ ಚಾಕು ಮಾಡಿ ಸಕಾಯಿ ಹೆಸರಾಯಿತು. ನಮಗೆ ಮೆಣಸಿನಕಾಯಿ ತಂದವರೇ ಅವರು. ಇವತ್ತು ಜಪಾನಿನ ಬಾಣಸಿಗರ ಚಾಕುಗಳಲ್ಲಿ ಬಹುಪಾಲು ಅಲ್ಲಿಯವೇ. ಕಬ್ಬಿಣ ಬಡಿಯುವವರು ಒಬ್ಬರು, ಸಾಣೆ ಹಿಡಿಯುವವರು ಇನ್ನೊಬ್ಬರು, ಹಿಡಿ ಕೂರಿಸುವವರು ಮತ್ತೊಬ್ಬರು. ಇದನ್ನೆಲ್ಲ ನಾನು ಮೂರು ತಿಂಗಳು ವಿಡಿಯೊ ನೋಡಿ ಕಲಿತಿದ್ದೆ. ಉಕ್ಕಿನ ಬಗೆ, ಹಿಡಿಯ ಮರ, ಎಲ್ಲ ಬಾಯಿಪಾಠ.

ಅಂಗಡಿಯ ಹಿರಿಯರು ತರಕಾರಿ ಹೆಚ್ಚುವ 'ಉಸುಬಾ' ತೆಗೆದರು. ಅದರ ಅಂಚು ಒಂದೇ ಪಕ್ಕಕ್ಕೆ ಇಳಿಜಾರು, ಇನ್ನೊಂದು ಪಕ್ಕ ಚಪ್ಪಟೆ. ಹಾಗಾಗಿ ಬಲಗೈಯವರದು ಬೇರೆ, ಎಡಗೈಯವರದು ಬೇರೆ. ಫೋನಿನಲ್ಲಿ ಟೈಪ್ ಮಾಡಿ ತೋರಿಸಿದರು: ಯಾವ ಕೈ?

ನಾನು ತಟ್ಟನೆ "ಬಲಗೈ" ಅಂದೆ. ಅಮ್ಮನನ್ನು ಕೇಳಲೇ ಇಲ್ಲ.

ಅವರು ಚಾಕು ಮೇಜಿನ ಮೇಲಿಟ್ಟರು. ಅಮ್ಮ ಅದನ್ನು ಎಡಗೈಯಲ್ಲಿ ಎತ್ತಿಕೊಂಡಳು. ಒಂದು ಕ್ಷಣ ಅಷ್ಟೇ. ನನ್ನ ಮುಖ ನೋಡಿ ಬಲಗೈಗೆ ಬದಲಿಸಿದಳು. ಅಷ್ಟರಲ್ಲಿ ಆ ಹಿರಿಯರು ಒಳಗೆ ಹೋಗಿ ಇನ್ನೊಂದು ಪೆಟ್ಟಿಗೆ ತಂದರು. ಇಳಿಜಾರು ಇನ್ನೊಂದು ಪಕ್ಕಕ್ಕಿತ್ತು. ಅಮ್ಮ ಹಿಡಿದಳು. ಆ ಕೈಗೆ ಅದು ಎಷ್ಟು ಸಲೀಸಾಗಿ ಕೂತಿತು ಅಂದರೆ, ನಾನು ಬೇರೆ ಕಡೆ ನೋಡಿದೆ.

"ನಿನಗೆ ಎಡಗೈ ವಾಡಿಕೆಯಾ ಅಮ್ಮ?"

"ಚಿಕ್ಕವಳಿದ್ದಾಗ ಕಣೋ. ಮೇಷ್ಟ್ರು ಬಿಡಲಿಲ್ಲ. ಇಲ್ಲಿ ಬಂದ ಮೇಲೆ ನಿಮ್ಮಜ್ಜಿ ಬಿಡಲಿಲ್ಲ, ಎಡಗೈಲಿ ಬಡಿಸಿದರೆ ಯಾರು ಉಣ್ಣುತ್ತಾರೆ ಅಂತ. ಆಮೇಲೆ ರೂಢಿ ಆಯ್ತು. ಅದಕ್ಕೇನೀಗ?"

ನನಗೆ 41 ವರ್ಷ ಸೀನ. ಆ ಕೈ ಅನ್ನವೇ ಉಂಡಿದ್ದೇನೆ. ಮನೆಯಲ್ಲಿ ಈಳಿಗೆ ಮಣೆ ಇತ್ತು, ಕಾಯಿ ಹಿಡಿಯಲು ಎರಡೂ ಕೈ ಬೇಕು, ಅದಕ್ಕೇ ಗೊತ್ತಾಗಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಆದರೆ ಅದಲ್ಲ. ನಾನು ನೋಡಿರಲಿಲ್ಲ. ತಟ್ಟೆ ಮುಂದೆ ಬರುವುದನ್ನು ನೋಡಿದ್ದೆ, ತರುವ ಕೈ ನೋಡಿರಲಿಲ್ಲ. ಎರಡು ದಿನದ ಹಿಂದೆ ಹೋಜೆನ್‌ಜಿಯಲ್ಲಿ ಅವಳ ಕೈ ತಾನಾಗಿ ಮುಂದೆ ಬಂದಿತ್ತು. ಮೇಷ್ಟ್ರು, ಅಜ್ಜಿ, ಅವರ ಹಿಂದೆ ಮೂರನೆಯವನಾಗಿ ನಾನೇ ನಿಂತು "ಬಲಗೈ" ಅಂದಿದ್ದೆ.

ಇನ್ನೂ ಒಂದು ಹೇಳಿಬಿಡುತ್ತೇನೆ. ಅದು ಅಮ್ಮನಿಗಾಗಿ ಮಾಡಿದ ಪ್ರವಾಸ ಅಲ್ಲ. ನನಗೆ ಅಲ್ಲಿ ಮೂರು ದಿನ ಆಫೀಸಿನ ಕೆಲಸ ಇತ್ತು, ಮುಂದೆ ಒಂದು ವಾರ ರಜೆ ಹಾಕಿದ್ದೆ. ನಿನ್ನ ಅತ್ತಿಗೆಗೆ ರಜೆ ಸಿಗಲಿಲ್ಲ. ಒಬ್ಬನೇ ಸುತ್ತಲು ಬೇಜಾರು ಅಂತ ಅಮ್ಮನನ್ನು ಹೊರಡಿಸಿದೆ. ಆ ಮೂರು ದಿನ ಅವಳು ಬೆಳಗಿನಿಂದ ಸಂಜೆವರೆಗೆ ರೂಮಿನ ಕಿಟಕಿ ಪಕ್ಕ ಕೂತಿದ್ದಳು. ಸಂಜೆ ಬಂದು ಏನು ಮಾಡಿದೆ ಅಂದರೆ, "ಎದುರು ಮನೆಯವಳು ಬಟ್ಟೆ ಒಣಗಿಸೋದು ನೋಡ್ತಿದ್ದೆ, ಎಷ್ಟು ಒಪ್ಪ" ಅನ್ನುತ್ತಿದ್ದಳು. ಅದರ ಫೋಟೋ ನಾನು ಹಾಕಲಿಲ್ಲ.

ಎಡಗೈ ಚಾಕು ಕೊಡಿಸಲೇಬೇಕು ಅಂತ ಹಟ ಹಿಡಿದೆ. ಅದು ಬಲಗೈಯದಕ್ಕಿಂತ ದುಬಾರಿ. ಕೊಳ್ಳುವವರು ಕಡಿಮೆ, ಮಾಡುವುದೂ ಕಡಿಮೆ. ಅಮ್ಮ ಬೆಲೆ ಕೇಳಿ ಪೆಟ್ಟಿಗೆ ಮುಚ್ಚಿದಳು. ಪಕ್ಕದಲ್ಲಿದ್ದ 'ನಕಿರಿ' ತೋರಿಸಿದಳು. ಮನೆಗಳಲ್ಲಿ ಬಳಸುವ ತರಕಾರಿ ಚಾಕು, ಅಂಚು ಎರಡೂ ಪಕ್ಕ ಒಂದೇ ಸಮ, ಯಾವ ಕೈಗಾದರೂ ಆಗುತ್ತದೆ. "ನಿನ್ನ ಹೆಂಡತೀನೂ ಹೆಚ್ಚಬಹುದು" ಅಂದಳು. ಆ ಹಿರಿಯರು ಸಣ್ಣ ಉಳಿ ಹಿಡಿದು ಅಲಗಿನ ಮೇಲೆ ಅಮ್ಮನ ಹೆಸರು ಕೆತ್ತಿದರು, ಜಪಾನಿ ಅಕ್ಷರದಲ್ಲಿ. ನಮ್ಮ ಪಾತ್ರೆ ಅಂಗಡಿಯ ಹಾಗೇ. ನಮ್ಮ ಮನೆಯ ಪಾತ್ರೆಗಳ ಮೇಲೆಲ್ಲ ಅಪ್ಪನ ಹೆಸರಿದೆ, ಅಜ್ಜನ ಹೆಸರಿದೆ. ಅಮ್ಮ ಆ ಅಕ್ಷರಗಳ ಮೇಲೆ ಬೆರಳಾಡಿಸಿ, ಎಲ್ಲಿಂದ ಓದಬೇಕು ಅಂತ ಕೇಳಿದಳು.

ಸಾಕು, ಇಷ್ಟು ಬರೆಯಬೇಕು ಅಂತ ಇರಲಿಲ್ಲ. ನಿನ್ನ ಕೆಲಸಕ್ಕೆ ಬರುತ್ತೇನೆ.

ಚಾಕುವನ್ನು ಅಂಗಡಿಯವರು ಕಟ್ಟಿಕೊಟ್ಟ ಹಾಗೇ ಇಡು, ಬೀದಿಯಲ್ಲಿ ಬಿಚ್ಚಬೇಡ, ವಿಮಾನದಲ್ಲಿ ದೊಡ್ಡ ಪೆಟ್ಟಿಗೆಗೇ ಹಾಕು. ಅಲ್ಲಿ ಮಾರಾಟ ತೆರಿಗೆ ಸಾಮಾನ್ಯವಾಗಿ 10%. ಒಂದೇ ಅಂಗಡಿಯಲ್ಲಿ ಒಂದೇ ದಿನ 5,000 ಯೆನ್ ಮೇಲೆ ಕೊಂಡರೆ ಪ್ರವಾಸಿಗೆ ಅದು ಮಾಫಿ, ಪಾಸ್‌ಪೋರ್ಟ್ ಜೊತೆಗಿರಲಿ. ಆದರೆ 2026ರ ನವೆಂಬರ್ 1ರಿಂದ ಪದ್ಧತಿ ಬದಲು. ಮೊದಲು ತೆರಿಗೆ ಸೇರಿಸಿ ಕೊಡಬೇಕು, ಹೊರಡುವಾಗ ಕಸ್ಟಮ್ಸ್‌ನವರು ಖಾತ್ರಿ ಮಾಡಿದ ಮೇಲೆ ದುಡ್ಡು ವಾಪಸ್. ನೀನು ಹೋಗುವುದೇ ಆ ತಿಂಗಳ ಕೊನೆಗೆ, ಹಾಗಾಗಿ ವಿಮಾನ ನಿಲ್ದಾಣಕ್ಕೆ ಒಂದು ಗಂಟೆ ಮುಂಚೆಯೇ ಹೋಗು. ದೊಡ್ಡ ಪೆಟ್ಟಿಗೆ ಒಪ್ಪಿಸುವವರೆಗೆ ಕೊಂಡ ವಸ್ತು ಕೈಗೆ ಸಿಗುವ ಹಾಗಿರಲಿ. ಸಣ್ಣ ಅಂಗಡಿಗಳಿಗೆ ನಗದು ಇಟ್ಟುಕೋ. ಥ್ಯಾಂಕ್ಸ್ ಬದಲು 'ಓಕಿನಿ' ಅನ್ನು, ಮುಖ ಅರಳುತ್ತದೆ. ಎಸ್ಕಲೇಟರ್‌ನಲ್ಲಿ ಟೋಕಿಯೊದವರು ಎಡಕ್ಕೆ ನಿಂತರೆ ಒಸಾಕಾದವರು ಬಲಕ್ಕೆ.

ನಿಮ್ಮಮ್ಮನಿಗೂ ಒಂದು ಚಾಕು ತರುತ್ತೇನೆ ಅಂದೆಯಲ್ಲ, ಅಂಗಡಿಯಲ್ಲಿ ಯಾವ ಕೈ ಅಂತ ಕೇಳುತ್ತಾರೆ. ಹೊರಡುವ ಮುಂಚೆ ಒಂದು ದಿನ ಅಡುಗೆಮನೆಯಲ್ಲಿ ಕೂತು ನೋಡಿಕೊಂಡು ಹೋಗು.

ಮತ್ತೆ ಸೀನ, ಆ ಮೂರನೇ ಕೊಡೆ. ಈ ಸಲ ಮರೆತರೆ ನಾನು ಹೊಣೆ ಅಲ್ಲ.

ನಿನ್ನವ