ಪುಟ್ಟಿಗೆ, ಚಿಂಗ್‌ಚೆಂಗ್ ಬೆಟ್ಟಕ್ಕೆ ಹೋಗಿ ಬಂದ ಮೇಲೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಲ್ಲಿ "ಹೇಗಿತ್ತಮ್ಮಾ ಚೀನಾ" ಅಂತ ನೀನು ಕೇಳಿದಾಗ ಚೆನ್ನಾಗಿತ್ತು ಅಂತ ಅಷ್ಟೇ ಅಂದೆ, ನೀನು ಡ್ಯೂಟಿಲಿದ್ದೆ, ಹಿಂದೆ ಯಾರೋ ಡಾಕ್ಟ್ರೇ ಡಾಕ್ಟ್ರೇ ಅಂತ ಕರೀತಿದ್ರು. ಅದಕ್ಕೇ ಕೂತು ಬರೀತಿದೀನಿ, ಪುರುಸೊತ್ತಾದಾಗ ನಿಧಾನಕ್ಕೆ ಓದು.

ಚೆಂಗ್ಡುನಲ್ಲಿ ಎರಡನೇ ದಿನ ಟೂರಿನವರೆಲ್ಲ ಪಾಂಡಾ ನೋಡೋಕೆ ಹೊರಟ್ರು. ನಾನು ಅಪ್ಪನ ಹತ್ರ ಅಂದೆ, ಪಾಂಡಾ ಬೇಡ, ಪುಟ್ಟಿ ಇಲ್ಲಿ ಡಾಕ್ಟ್ರಿಕೆ ಓದ್ತಿದ್ದಾಗ ಹೇಳ್ತಿದ್ದ ಬೆಟ್ಟಕ್ಕೆ ಹೋಗೋಣ ಅಂತ. ಅಪ್ಪ ಮರುಮಾತಾಡದೆ ಶೂ ಹಾಕ್ಕೊಂಡ್ರು. ರೈಲಲ್ಲಿ ಒಂದು ಗಂಟೆನೂ ಹಿಡಿಯಲ್ಲ, ಬೆಟ್ಟದ ಹೆಸರಲ್ಲೇ ಸ್ಟೇಷನ್ ಇದೆ, ಅದು ನಿನಗೇ ಗೊತ್ತಲ್ಲ. ನನ್ನ ಮಂಡಿ ಕಥೆ ಇರೋದ್ರಿಂದ ಕೆರೆ ದಾಟಿಸೋ ದೋಣಿ ಹತ್ತಿ, ಆಮೇಲೆ ಕೇಬಲ್ ಕಾರಲ್ಲಿ ಮೇಲಕ್ಕೆ ಹೋಗಿ, ಇಳಿಯೋವಾಗ ಮಾತ್ರ ನಡೆದ್ವಿ. ನಮ್ಮ ಕಡೆ ಡೋಲಿ ಇರತ್ತಲ್ಲ ಹಾಗೇ ಬಿದಿರಿನ ಕುರ್ಚಿಲಿ ಹೊತ್ಕೊಂಡು ಹೋಗೋರು ಇದ್ರು, ಕರೆದ್ರು ಕೂಡ, ನನಗೆ ಯಾಕೋ ನೀನು ನಡೆದ ಮೆಟ್ಟಿಲಲ್ಲಿ ನಾನೂ ನಡೀಬೇಕು ಅನ್ನಿಸ್ತು.

ಪುಟ್ಟಿ, ಅದು ನಮ್ಮೂರೇ ಕಣೇ. ಕಲ್ಲಿನ ಮೇಲೆ ಹಾವಸೆ, ಮರದಿಂದ ತೊಟ್ಟಿಕ್ಕೋ ನೀರು, ಹತ್ತು ಹೆಜ್ಜೆ ಮುಂದೆ ಹೋದೋರು ಮಂಜಲ್ಲಿ ಕಾಣ್ತಿರ್ಲಿಲ್ಲ. ಸುತ್ತ ಹಸಿರು ಶಿಖರಗಳು ಕೋಟೆ ಥರ ನಿಂತಿರೋದಕ್ಕೇ ಚಿಂಗ್‌ಚೆಂಗ್ ಅನ್ನೋ ಹೆಸರಂತೆ. ದಾರೀಲಿ ಕೂರೋಕೆ ಕಟ್ಟಿರೋ ಮಂಟಪಗಳ ಕಂಬ ನೋಡಿದ್ಯಾ, ಮರ ಕಡಿದು ತೊಗಟೆನೂ ತೆಗೀದೆ ಹಾಗೇ ನಿಲ್ಲಿಸಿದಾರೆ, ನಾನು ಕೈಯಿಟ್ಟು ಸವರಿ ನೋಡಿದೆ, ಅಜ್ಜನ ಮನೆ ಕೊಟ್ಟಿಗೆ ಕಂಬದ್ದೇ ನೆನಪಾಯ್ತು.

ಶಾಂಗ್‌ಚಿಂಗ್ ಅನ್ನೋ ತಾವೋ ಪಂಥದ ದೇವಸ್ಥಾನದಲ್ಲಿ ಅಪ್ಪ ಹೊಸ್ತಿಲು ದಾಟೋವಾಗ ಅಲ್ಲಿ ಗುಡಿಸ್ತಿದ್ದ ಅಜ್ಜಿ ಅವರ ಕಾಲನ್ನೇ ನೋಡ್ತಿದ್ರು, ಅಪ್ಪ ತುಳೀದೆ ದಾಟಿದ್ದಕ್ಕೆ ತಲೆಯಾಡಿಸಿ ನಕ್ಕರು. ಅಲ್ಲೂ ಹೊಸ್ತಿಲು ತುಳಿಬಾರ್ದು! ಮೂರು ಊದುಬತ್ತಿ ಹಚ್ಚಿದೆ. ಪೂಜೆ ಮಾಡೋರು ಉದ್ದ ಕೂದಲನ್ನ ನೆತ್ತಿ ಮೇಲೆ ಗಂಟು ಕಟ್ಟಿ ಕಡ್ಡಿ ಸಿಕ್ಕಿಸ್ಕೊಂಡಿರ್ತಾರೆ, ನಮ್ಮ ಋಷಿಗಳ ಜಟೆ ಥರ. ಅಲ್ಲಿರೋರು ಮದುವೆ ಆಗಲ್ಲ, ಮಾಂಸ ತಿನ್ನಲ್ಲ. ಊಟದ ಪಲ್ಯ ಬಾಯಿಗಿಟ್ಟ ತಕ್ಷಣ ನಾಲಿಗೆ ಜುಮ್ ಅಂತು, ನಮ್ಮ ಜುಮ್ಮನಕಾಯಿ ಜಾತಿದೇ ಅದು. ನೀನು ಹೋದ ಹೊಸದರಲ್ಲಿ "ಊಟ ಸೇರ್ತಿಲ್ಲ ಅಮ್ಮ" ಅಂತ ಅತ್ತಾಗ ಈ ರುಚಿ ನಮ್ಮನೆಯಲ್ಲೂ ಇದ್ಯಲ್ಲೇ ಅಂತ ಹೇಳೋಕೆ ನನಗೆ ಗೊತ್ತಿರ್ಲಿಲ್ಲ.

ಆಮೇಲೆ ಇಳೀತಾ ತಿಯೆನ್‌ಶಿ ಗುಹೆ ದೇವಸ್ಥಾನ. 2ನೇ ಶತಮಾನದಲ್ಲಿ ಝಾಂಗ್ ದಾವೋಲಿಂಗ್ ಅನ್ನೋರು ಅಲ್ಲಿ ಕೂತು ಜನರಿಗೆ ಉಪದೇಶ ಮಾಡಿದ್ರು ಅಂತಾರೆ, ಅವರ ಪಂಥ ಸೇರೋಕೆ ಐದು ಅಳತೆ ಅಕ್ಕಿ ಕೊಟ್ರೆ ಸಾಕಿತ್ತಂತೆ, ನಾವು ದೇವರಿಗೆ ಪಡಿ ಅಕ್ಕಿ ಕೊಡಲ್ವಾ ಹಾಗೆ. ಅವರೇ ನೆಟ್ಟಿದ್ದು ಅನ್ನೋ ಗಿಂಕ್ಗೊ ಮರ ಅಲ್ಲೇ ಇದೆ. 2008ರ ಭೂಕಂಪದಲ್ಲಿ ಈ ಬೆಟ್ಟದ ದೇವಸ್ಥಾನಗಳಿಗೆ ತುಂಬಾ ಪೆಟ್ಟು ಬಿತ್ತು, ಮರ ಮಾತ್ರ ನಿಂತಿದೆ. ನವೆಂಬರ್ ಆಗಿದ್ರಿಂದ ಮರ ಪೂರ್ತಿ ಅರಿಶಿನ, ನೆಲವೂ ಅರಿಶಿನ.

ನೀನು 2018ರಲ್ಲಿ ಕಳಿಸಿದ ಫೋಟೋ ನನ್ನ ಮೊಬೈಲಲ್ಲಿತ್ತು, ನಾನು ಹೆಣೆದ ಕೆಂಪು ಸ್ವೆಟರ್ ಹಾಕ್ಕೊಂಡು ಆ ಮರದ ಕೆಳಗೆ ಕಲ್ಲಿನ ಕಟಾಂಜನಕ್ಕೆ ಒರಗಿ ನಗ್ತಿದೀಯ. ಅಪ್ಪನೂ ನಾನೂ ಫೋಟೋ ಹಿಡ್ಕೊಂಡು ಆ ಕಡೆ ಈ ಕಡೆ ಓಡಾಡಿ ಕೊನೆಗೂ ಆ ಜಾಗ ಹಿಡಿದ್ವಿ. ಕಲ್ಲಲ್ಲಿ ಒಂದು ಸಣ್ಣ ಬಿರುಕಿದೆ, ನಿನ್ನ ಮೊಣಕೈ ಪಕ್ಕ, ಫೋಟೋದಲ್ಲೂ ಇದೆ, ಅಲ್ಲೂ ಇದೆ. ಅಲ್ಲೇ ಕೂತ್ಕೊಂಡೆ. ಏಳೋಕೇ ಆಗ್ಲಿಲ್ಲ.

2020ರ ಜನವರಿಲಿ ರಜಕ್ಕೆ ಅಂತ ಬಂದೋಳು ಕೊರೊನಾದಿಂದ ವಾಪಸ್ ಹೋಗೋಕೇ ಆಗ್ಲಿಲ್ಲ ನಿನಗೆ, ಉಳಿದ ಪಾಠವೆಲ್ಲ ಉಪ್ಪರಿಗೆ ಮೇಲೆ ಸಿಗ್ನಲ್ ಸಿಗೋ ಕಿಟಕಿ ಹತ್ರ ಕೂತು ಮುಗಿಸಿದೆ. ಹಾಸ್ಟೆಲ್ಲಲ್ಲಿ ಉಳಿದ ಸಾಮಾನು ಇನ್ನು ಸಿಗಲ್ಲ ಅಂತ ಗೊತ್ತಾದ ದಿನ ನೀನು ಅಳ್ತಿದ್ರೆ ನಾನು "ಹೋಗ್ಲಿ ಬಿಡೇ, ಬಟ್ಟೆ ತಾನೇ, ಹೊಸದು ಹೆಣೆದು ಕೊಡ್ತೀನಿ" ಅಂದಿದ್ದೆ. ತಪ್ಪಾಯ್ತು ಪುಟ್ಟಿ. ನಿನ್ನದೊಂದು ಊರೇ ಅಲ್ಲಿ ಉಳಿದುಹೋಗಿತ್ತು, ನನಗದು ಆ ಕಲ್ಲಿನ ಮೇಲೆ ಕೂತಾಗ ಹೊಳೀತು.

ಬಿದ್ದಿದ್ದ ಎಲೆ ಒಂದು ತಂದಿದೀನಿ, ಪುಟ್ಟ ಬೀಸಣಿಗೆ ಥರ ಇದೆ, ಈ ಪತ್ರದ ಒಳಗೇ ಇಟ್ಟಿದೀನಿ, ಬಿಚ್ಚೋವಾಗ ಹುಷಾರು, ಮುರಿಯತ್ತೆ.

ಇನ್ನೊಂದು ಕೇಳ್ಬೇಕಿತ್ತು. ಆ ಫೋಟೋದಲ್ಲಿ ನೀನು ಎಷ್ಟು ಚೆನ್ನಾಗಿ ನಗ್ತಿದೀಯ ಅಂದ್ರೆ ಎದುರಿಗಿರೋರನ್ನ ನೋಡೇ ನಗ್ತಿರೋದು ಅಂತ ಗೊತ್ತಾಗತ್ತೆ. ಅದನ್ನ ತೆಗೆದದ್ದು ಯಾರು ಅಂತ ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ ನೋಡು. ಸಂಕ್ರಾಂತಿಗೆ ಬರ್ತೀಯಲ್ಲ, ಆವಾಗ ಹೇಳು.

ನಿನ್ನ
ಅಮ್ಮ