ಶೇಂಗಾ ಚಟ್ನಿಪುಡಿ ಇದ್ದ ಕಡೆ ಹದಿನಾಲ್ಕು ಪ್ರಶ್ನೆ ಚಿಹ್ನೆ: ನಮ್ಮ ಮೊದಲ ವೆಬ್‌ಸೈಟ್ ಬಗ್ಗೆ ದೂರು

ಇವರಿಂದ:
ರೊಟ್ಟಿ, ಚಟ್ನಿಪುಡಿ ಮಾಡಿ ಮಾರುವ ಗೃಹಿಣಿ,
ವಿನೋಬನಗರ, ದಾವಣಗೆರೆ

ಇವರಿಗೆ:
ಗ್ರಾಹಕರ ದೂರು ನೋಡಿಕೊಳ್ಳುವ ಅಧಿಕಾರಿಗಳು,
ನಮಗೆ ಡೊಮೈನ್ ಮತ್ತು ಹೋಸ್ಟಿಂಗ್ ಕೊಟ್ಟ ಕಂಪನಿ

ದಿನಾಂಕ: 11 ಆಗಸ್ಟ್ 2025

ವಿಷಯ: ಸರ್ವರ್ (ವೆಬ್‌ಸೈಟ್ ಇಟ್ಟಿರುವ ಕಂಪ್ಯೂಟರ್) ಬದಲಾಯಿಸುವಾಗ ನಮ್ಮ ವೆಬ್‌ಸೈಟಿನ ಕನ್ನಡ ಹಾಳಾಗಿರುವುದು, ದುಡ್ಡು ಕೊಟ್ಟ ಬ್ಯಾಕಪ್ (ಕಾಪಿಟ್ಟ ಪ್ರತಿ) ಸಿಗದಿರುವುದು, ಡೊಮೈನ್ ನನ್ನ ಹೆಸರಿಗೆ ಇಲ್ಲದಿರುವುದು.

ಮಾನ್ಯರೇ,

ಕಳೆದ ತಿಂಗಳು 14ರ ಸೋಮವಾರ ರಾತ್ರಿ ನೀವು ನಮ್ಮ ವೆಬ್‌ಸೈಟನ್ನು ಹಳೆಯ ಸರ್ವರ್‌ನಿಂದ ಹೊಸದಕ್ಕೆ ಸಾಗಿಸಿದಿರಿ. ಮಂಗಳವಾರ ಬೆಳಿಗ್ಗೆ ನಾನು ಇನ್ನೂ ಹಿಟ್ಟು ನಾದುತ್ತಿದ್ದೆ. ಪುಣೆಯಿಂದ ಒಬ್ಬ ಗ್ರಾಹಕಿಯ ಫೋನ್ ಬಂತು. "ಅಕ್ಕಾ, ನಿಮ್ಮ ಸೈಟಲ್ಲಿ ಬರೀ ಪ್ರಶ್ನೆ ಚಿಹ್ನೆ ಕಾಣ್ತಿದೆ, ಏನಾಯ್ತು?" ಅಂದರು. ಹಿಟ್ಟಿನ ಕೈ ಒರೆಸಿಕೊಂಡು ಮೊಬೈಲ್‌ನಲ್ಲಿ ತೆಗೆದು ನೋಡಿದೆ. "ಶೇಂಗಾ ಚಟ್ನಿಪುಡಿ" ಅಂತ ಇದ್ದ ಕಡೆ ಐದು ಪ್ರಶ್ನೆ ಚಿಹ್ನೆ, ಸ್ವಲ್ಪ ಜಾಗ, ಆಮೇಲೆ ಒಂಬತ್ತು ಪ್ರಶ್ನೆ ಚಿಹ್ನೆ. ಅದರ ಕೆಳಗೆ 250, ಅದರ ಪಕ್ಕ 120. ಅಂಕಿ ಮಾತ್ರ ಉಳಿದಿತ್ತು. ಗ್ರಾಂ ಹೋಗಿತ್ತು, ರೂಪಾಯಿ ಹೋಗಿತ್ತು, ಏನು ಮಾರುತ್ತೇವೆ ಅನ್ನೋದೇ ಹೋಗಿತ್ತು.

ಹದಿನಾಲ್ಕು ತಿನಿಸಿನ ಹದಿನಾಲ್ಕು ಪುಟವೂ ಹೀಗೇ ಆಗಿವೆ. ಇವತ್ತಿಗೂ ಹಾಗೇ ಇವೆ.

ನಾನು ಯಾರು ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ, ಹಾಗಾಗಿ ಹೇಳುತ್ತೇನೆ. ನಾನು, ನನ್ನ ನಾದಿನಿ ಸೇರಿ ಮನೆಯಲ್ಲೇ ಕಡಕ್ ರೊಟ್ಟಿ, ಶೇಂಗಾ ಪುಡಿ, ಗುರೆಳ್ಳು ಪುಡಿ, ಅಗಸೆ ಪುಡಿ, ನರ್ಗಿಸ್ ಮಂಡಕ್ಕಿ ಮಾಡಿ ಮಾರುತ್ತೇವೆ. ನಮ್ಮ ಊರಿನ ಮಂಡಕ್ಕಿ ರುಚಿ ನೋಡಿ ಬೇರೆ ಊರಿಗೆ ಹೋದವರು ಅದನ್ನೇ ಹುಡುಕುತ್ತಾರೆ ಅಲ್ವಾ, ಅವರಿಗಾಗಿಯೇ ವೆಬ್‌ಸೈಟ್ ಮಾಡೋಣ ಅಂದುಕೊಂಡೆವು. ಇಬ್ಬರಿಗೂ ಕಂಪ್ಯೂಟರ್ ಅಂದರೆ ಏನೂ ಗೊತ್ತಿರಲಿಲ್ಲ. ನಿಮ್ಮ ಜಾಹೀರಾತು ಕನ್ನಡದಲ್ಲೇ ಇತ್ತು. "ಏನೂ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ನಿಮ್ಮ ಭಾಷೆಯಲ್ಲೇ ನಿಮ್ಮ ವೆಬ್‌ಸೈಟ್" ಅಂತ. ಆ ಮಾತನ್ನು ನಂಬಿ ಫೆಬ್ರವರಿಯಲ್ಲಿ ದುಡ್ಡು ಕಟ್ಟಿದೆ.

ಕಲಿಯೋದು ಕಷ್ಟವಾಯಿತು, ಆದರೆ ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಡೊಮೈನ್ ಅಂದರೆ ಮನೆಯ ವಿಳಾಸ, ಹೋಸ್ಟಿಂಗ್ ಅಂದರೆ ಬಾಡಿಗೆಗೆ ಹಿಡಿದ ಜಾಗ, ಇವೆರಡೂ ಬೇರೆ ಬೇರೆ ಅಂತ ಅರ್ಥವಾಗೋಕೆ ವಾರ ಹಿಡಿಯಿತು. ವಿಳಾಸ ಜೋಡಿಸಿದ ಮೇಲೆ ಸೈಟ್ ಎಲ್ಲ ಕಡೆ ಕಾಣಿಸಲು 48 ಗಂಟೆವರೆಗೂ ಆಗಬಹುದು ಅಂತ ಗೊತ್ತಿಲ್ಲದೆ ಒಂದು ಇಡೀ ದಿನ ಗಾಬರಿಯಲ್ಲಿ ಕಳೆದೆವು. ಮೊದಲು "ನುಡಿ" ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಹಾಕಿದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸಿತು. ಅದು ಹಳೆಯ ಫಾಂಟಿನ ತೊಂದರೆ, ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್‌ಗೆ ಬದಲಾಯಿಸಬೇಕು ಅಂತ ಆಮೇಲೆ ತಿಳಿಯಿತು. ಬದಲಾಯಿಸಿಕೊಂಡೆವು. ಇವೆಲ್ಲ ನಾವು ಕಲಿಯಬೇಕಾದದ್ದೇ.

ರಾತ್ರಿ ಪಾತ್ರೆ ತೊಳೆದಿಟ್ಟು ಹತ್ತು ಗಂಟೆಗೆ ಕೂತರೆ ಹನ್ನೆರಡಾಗುತ್ತಿತ್ತು. ಇಪ್ಪತ್ತಮೂರು ರಾತ್ರಿ ಹಾಗೆ ಬರೆದಿದ್ದೇವೆ. ಸುಮ್ನೆ ಬೆಲೆಪಟ್ಟಿ ಬರೆದಿರಲಿಲ್ಲ. ಗುರೆಳ್ಳು ಪುಡಿಯ ಪುಟವನ್ನು ನಮ್ಮ ಅತ್ತೆ ಅಡುಗೆಮನೆ ಹೊಸ್ತಿಲಲ್ಲಿ ಕೂತು ಹೇಳಿದ್ದು, ನಾನು ಬರೆದುಕೊಂಡಿದ್ದು. ಎಳ್ಳು ಸಿಡಿಯೋಕೆ ಶುರುವಾದ ತಕ್ಷಣ ಉರಿ ಸಣ್ಣ ಮಾಡಬೇಕು, ಬೆಳ್ಳುಳ್ಳಿ ಸಿಪ್ಪೆ ಪೂರ್ತಿ ಸುಲಿಯಬಾರದು, ಒರಳಲ್ಲಿ ಕುಟ್ಟುವಾಗ ಉಪ್ಪು ಕೊನೆಗೆ. ಇಷ್ಟು ನನಗೆ ನೆನಪಿದೆ. ಅವರು ತಮ್ಮ ತವರಿನ ಬಗ್ಗೆ ಹೇಳಿದ್ದು, ಬರಗಾಲದ ವರ್ಷ ರೊಟ್ಟಿಗೆ ಈ ಪುಡಿ ಒಂದೇ ಇತ್ತು ಅಂತ ಹೇಳಿದ್ದು, ಅವರ ಮಾತಿನಲ್ಲೇ ಇತ್ತು. ಬೇರೆಲ್ಲೂ ಬರೆದಿಟ್ಟಿಲ್ಲ. ಅತ್ತೆಗೆ ಈಗ 81 ವರ್ಷ. ಮತ್ತೆ ಕೇಳಿದೆ. "ಆವತ್ತು ಹೇಳಿದ್ನಲ್ಲವ್ವ" ಅಂದರು, ಅಷ್ಟೇ.

ಈಗ ತಪ್ಪು ಎಲ್ಲಿ ಆಗಿದೆ ಅಂತ ಹೇಳುತ್ತೇನೆ. ಪಕ್ಕದ ಮನೆಯ ಹುಡುಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ಅವನು ಕೂರಿಸಿಕೊಂಡು ತೋರಿಸಿದ. ನಾವು ಬರೆದದ್ದು ಡೇಟಾಬೇಸ್‌ನಲ್ಲಿ (ಸೈಟಿನ ಬರಹವೆಲ್ಲ ಕೂಡಿಟ್ಟ ಜಾಗ) ಯುನಿಕೋಡ್ ಅಕ್ಷರ ಬರೆದಿಡುವ ಯುಟಿಎಫ್-8 ಅನ್ನೋ ಪದ್ಧತಿಯಲ್ಲಿತ್ತು. ನೀವು ಸಾಗಿಸುವಾಗ ಅದನ್ನು ಲ್ಯಾಟಿನ್-1 ಅನ್ನೋ ಹಳೆಯ ಪದ್ಧತಿಯ ಮೂಲಕ ದಾಟಿಸಿದ್ದೀರಿ. ಅದರಲ್ಲಿ ಇರೋದು 256 ಜಾಗ, ಅದೂ ಯುರೋಪಿನ ಅಕ್ಷರಗಳಿಗೆ. ಕನ್ನಡದ ಒಂದು ಅಕ್ಷರವೂ ಅದರಲ್ಲಿಲ್ಲ. ಜಾಗ ಸಿಗದ ಪ್ರತಿಯೊಂದರ ಬದಲಿಗೆ ಒಂದು ಪ್ರಶ್ನೆ ಚಿಹ್ನೆ ಬಂದು ಕೂತಿದೆ. "ಶೇಂಗಾ" ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರ್‌ಗೆ ಶ, ಅದರ ಏತ್ವ ಮತ್ತು ದೀರ್ಘ ಸೇರಿ ಒಂದು, ಸೊನ್ನೆ, ಗ, ಅದರ ದೀರ್ಘ ಅಂತ ಐದು. ಅದಕ್ಕೇ ಐದು ಪ್ರಶ್ನೆ ಚಿಹ್ನೆ. ಎಣಿಸಿದಾಗ ಸರಿಯಾಗಿ ತಾಳೆಯಾಯಿತು. ಅಂದರೆ ಇದು ನೋಡುವವರ ಫೋನಿನ ತೊಂದರೆ ಅಲ್ಲ, ಫಾಂಟಿನ ತೊಂದರೆಯೂ ಅಲ್ಲ. ಒಳಗಿದ್ದ ಅಕ್ಷರವೇ ಅಳಿಸಿಹೋಗಿದೆ.

ನಿಮ್ಮ ಸಹಾಯವಾಣಿಯವರು ಇದನ್ನು ಒಪ್ಪಲಿಲ್ಲ. "ಮೇಡಂ, ಕನ್ನಡ ಸಪೋರ್ಟ್ ಆಗಲ್ಲ, ಇಂಗ್ಲಿಷಲ್ಲಿ ಬರೆದುಬಿಡಿ" ಅಂದರು. ಈ ಮಾತಿನಿಂದ ನನಗೆ ತುಂಬಾ ನೋವಾಯಿತು. ಜಗತ್ತಿನ ಮೊದಲ ವೆಬ್‌ಸೈಟ್ ಬಂದದ್ದು 1991ರಲ್ಲಿ. ಅದೇ ವರ್ಷ ಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಈಗ ಕನ್ನಡ ಲಿಪಿಯಲ್ಲೇ .ಭಾರತ ಅಂತ ವಿಳಾಸ ಕೊಳ್ಳಬಹುದು. ನೀವು ಬಳಸುವ ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್ ತಂತ್ರಾಂಶ ಕೂಡ 2018ರ 8.0 ಆವೃತ್ತಿಯಿಂದ ಲ್ಯಾಟಿನ್-1 ಬಿಟ್ಟು ಯುಟಿಎಫ್-8 ಅನ್ನೇ ತಾನಾಗಿ ಆರಿಸಿಕೊಳ್ಳುತ್ತದೆ. ಮಾರ್ಚ್‌ನಿಂದ ಜುಲೈ 14ರವರೆಗೆ ನಿಮ್ಮದೇ ಸರ್ವರ್‌ನಲ್ಲಿ ನಮ್ಮ ಕನ್ನಡ ಚೆನ್ನಾಗಿಯೇ ಕಾಣುತ್ತಿತ್ತು. ಹಾಗಿದ್ದಾಗ ಕನ್ನಡ ಆಗಲ್ಲ ಅಂತ ಹೇಗೆ ಹೇಳುತ್ತೀರಿ? ನಮಗೆ ಗೊತ್ತಿಲ್ಲ ಅಂತಲೇ ಅಲ್ವಾ ಹಾಗೆ ಹೇಳಿದ್ದು?

ಬ್ಯಾಕಪ್ ವಿಷಯ ಇನ್ನೂ ಜಾಸ್ತಿ ಬೇಸರದ್ದು. ಅದಕ್ಕೆ ತಿಂಗಳಿಗೆ 149 ರೂಪಾಯಿಯಂತೆ ವರ್ಷದ 1,788 ರೂಪಾಯಿ ಮೊದಲೇ ಕೊಟ್ಟಿದ್ದೇನೆ. ನಿಮ್ಮ ಬ್ಯಾಕಪ್ ಭಾನುವಾರಕ್ಕೊಮ್ಮೆ ಆಗುತ್ತದೆ, ಹೊಸದು ಬಂದಾಗ ಹಳೆಯದು ಅಳಿಸಿಹೋಗುತ್ತದೆ ಅಂತ ಈಗ ಹೇಳುತ್ತೀರಿ. ಸರಿ. ನಾನು ದೂರು ಕೊಟ್ಟದ್ದು ಜುಲೈ 15, ಮಂಗಳವಾರ. ಆಗ ನಿಮ್ಮ ಬಳಿ 13ರ ಭಾನುವಾರದ ಬ್ಯಾಕಪ್ ಇತ್ತು, ಅದರಲ್ಲಿ ಕನ್ನಡ ಸರಿಯಾಗಿತ್ತು. ಶನಿವಾರದೊಳಗೆ ಯಾರಾದರೂ ಒಬ್ಬರು ನನ್ನ ದೂರು ತೆರೆದು ಓದಿದ್ದರೆ ಎಲ್ಲವೂ ವಾಪಸ್ ಬರುತ್ತಿತ್ತು. ನೀವು ಉತ್ತರ ಕೊಟ್ಟದ್ದು 23ಕ್ಕೆ. ಅಷ್ಟರಲ್ಲಿ 20ರ ಭಾನುವಾರ ಬಂದು, ಪ್ರಶ್ನೆ ಚಿಹ್ನೆಗಳ ಬ್ಯಾಕಪ್ ಒಳ್ಳೆಯದನ್ನು ಅಳಿಸಿ ಕೂತಿತ್ತು.

ನಾಗರ ಪಂಚಮಿ 29ಕ್ಕಿತ್ತು. ಅದಕ್ಕೆ ಮುಂಚಿನ ರೊಟ್ಟಿ ಹಬ್ಬಕ್ಕೆ ನಮ್ಮಲ್ಲಿ ಯಾವತ್ತಿಗಿಂತ ಜಾಸ್ತಿ ಆರ್ಡರ್ ಬರುತ್ತದೆ. 2,000 ಲೇಬಲ್‌ಗಳ ಮೇಲೆ ವೆಬ್‌ಸೈಟ್ ವಿಳಾಸ, ಕ್ಯೂಆರ್ ಕೋಡ್ ಅಚ್ಚು ಹಾಕಿಸಿದ್ದೆವು. ಅದನ್ನು ಸ್ಕ್ಯಾನ್ ಮಾಡಿದವರಿಗೆ ಕಂಡದ್ದು ಪ್ರಶ್ನೆ ಚಿಹ್ನೆ. ಕೆಲವರು ಮೋಸದ ಸೈಟ್ ಅಂತ ಭಾವಿಸಿ ಆಫ್ ಮಾಡಿದೆವು ಅಂದರು.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಜಾಹೀರಾತಿನಲ್ಲಿ ತಿಂಗಳಿಗೆ 99 ರೂಪಾಯಿ ಅಂತಿತ್ತು, ವರ್ಷಕ್ಕೆ 1,188. ನಾನು ಕಟ್ಟಿದ್ದು 18% ಜಿಎಸ್‌ಟಿ ಸೇರಿ 4,690 ರೂಪಾಯಿ 50 ಪೈಸೆ. ಬ್ಯಾಕಪ್, 999 ರೂಪಾಯಿಯ ಎಸ್‌ಎಸ್‌ಎಲ್ (ಸೈಟಿಗೂ ಗ್ರಾಹಕರಿಗೂ ನಡುವಿನ ಮಾಹಿತಿ ಬೇರೆಯವರು ಓದದಂತೆ ಕಾಯುವ ವ್ಯವಸ್ಥೆ), ಎರಡಕ್ಕೂ ಮೊದಲೇ ಟಿಕ್ ಹಾಕಿತ್ತು. ತೆಗೆಯಬಹುದು ಅಂತ ನನಗೆ ಗೊತ್ತಿರಲಿಲ್ಲ. ಎಸ್‌ಎಸ್‌ಎಲ್ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಪುಕ್ಕಟೆ ಕೊಡುತ್ತದೆ. ನಮ್ಮ ಸೈಟಿನ ಬೀಗದ ಗುರುತು ಒತ್ತಿ ನೋಡಿದರೆ ಅದೇ ಸಂಸ್ಥೆಯ ಹೆಸರಿದೆ. ಗ್ರಾಹಕರು ಕೇಳದ್ದನ್ನು ಬುಟ್ಟಿಗೆ ಸೇರಿಸುವುದು 2023ರ ನವೆಂಬರ್‌ನಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯಲ್ಲಿ ಹೆಸರಿಸಿರುವ 13 ಮೋಸದ ವಿಧಾನಗಳಲ್ಲಿ ಒಂದು.

ಇನ್ನು ಡೊಮೈನ್. ದುಡ್ಡು ನನ್ನದು, ಆದರೆ ಅದು ನಿಮ್ಮ ಏಜೆಂಟರ ಹೆಸರಿನಲ್ಲಿ ನೋಂದಣಿಯಾಗಿದೆ. ಬೇರೆ ಕಡೆ ಸಾಗಿಸಲು ಬೇಕಾದ ವರ್ಗಾವಣೆ ಕೋಡ್ ಮೂರು ಸಲ ಕೇಳಿದೆ, ಕೊಟ್ಟಿಲ್ಲ.

ನನಗೆ ಮೊದಲು ಬೇಕಾದದ್ದು ನಮ್ಮ ಬರಹ. ಹಳೆಯ ಸರ್ವರ್‌ನ ಡಿಸ್ಕ್ ಅನ್ನು ನೀವು ಇನ್ನೂ ಅಳಿಸಿರದಿದ್ದರೆ ಅದರಲ್ಲಿ ಮೂಲ ಡೇಟಾಬೇಸ್ ಇರುತ್ತದೆ. ದಯವಿಟ್ಟು ಇವತ್ತೇ ಹುಡುಕಿಸಿ, ಅಲ್ಲಿಯವರೆಗೆ ಅದನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ. ಸಿಕ್ಕರೆ ಯುಟಿಎಫ್-8ರಲ್ಲೇ ತೆಗೆದು ನನಗೆ ಒಂದು ಪ್ರತಿ ಕೊಡಿ. ಡೊಮೈನನ್ನು ನನ್ನ ಹೆಸರಿಗೆ ಮಾಡಿ, ಕೋಡ್ ಕಳಿಸಿ. ಬ್ಯಾಕಪ್ ಮತ್ತು ಎಸ್‌ಎಸ್‌ಎಲ್‌ನ ಹಣ ಜಿಎಸ್‌ಟಿ ಸೇರಿ 3,288 ರೂಪಾಯಿ 66 ಪೈಸೆ ವಾಪಸ್ ಮಾಡಿ. ತಪ್ಪು ನಿಮ್ಮಿಂದ ಆಯಿತು ಅಂತ ಬರವಣಿಗೆಯಲ್ಲಿ ಕೊಡಿ. ನಿಮ್ಮಲ್ಲಿ ಕನ್ನಡದಲ್ಲಿ ಸೈಟ್ ಮಾಡಿಕೊಂಡ ಬೇರೆಯವರೂ ಇರುತ್ತಾರೆ, ಅವರದ್ದನ್ನೂ ತೆಗೆದು ನೋಡಿ.

2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಬಂದ 48 ಗಂಟೆಯೊಳಗೆ ನೀವು ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ದೂರು ಅಧಿಕಾರಿಯ ಹೆಸರನ್ನೂ ಸೈಟಿನಲ್ಲಿ ಹಾಕಬೇಕು, ನಿಮ್ಮದರಲ್ಲಿ ಎಲ್ಲೂ ಇಲ್ಲ. ಅದಕ್ಕೇ ಹೆಸರಿಲ್ಲದೆ ಬರೆಯುತ್ತಿದ್ದೇನೆ. ಸರಿಹೋಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ, ಆಮೇಲೆ ನಮ್ಮ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಕಚೇರಿ ಎಲ್ಲೇ ಇರಲಿ, 2019ರ ಕಾಯ್ದೆಯಂತೆ ನಾನಿರುವ ಊರಲ್ಲೇ ದೂರು ಕೊಡಬಹುದು. ವ್ಯಾಪಾರ ಮಾಡುವವಳು ಗ್ರಾಹಕಿ ಅಲ್ಲ ಅಂತ ನೀವು ಹೇಳಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗೆ ಮಾಡುವವರನ್ನೂ ಆ ಕಾಯ್ದೆ ಗ್ರಾಹಕರು ಅಂತಲೇ ಎಣಿಸುತ್ತದೆ.

ಬಿಲ್, ಜುಲೈ 15ರ ದೂರು, 23ರ ನಿಮ್ಮ ಉತ್ತರ, ಹದಿನಾಲ್ಕು ಪುಟಗಳ ಚಿತ್ರ, ಎಲ್ಲವನ್ನೂ ಜೊತೆಗೆ ಇಟ್ಟಿದ್ದೇನೆ. ಬೆಳಿಗ್ಗೆ ರೊಟ್ಟಿ ತಟ್ಟುವ ಹೊತ್ತು, ಫೋನ್ ಎತ್ತಲು ಆಗುವುದಿಲ್ಲ. ಮಧ್ಯಾಹ್ನ ಎರಡರ ಮೇಲೆ ಮಾಡಿ. ಕನ್ನಡ ಓದಲು ಬರುವವರೇ ಮಾಡಲಿ, ಗುರೆಳ್ಳು ಪುಟ ಸಿಕ್ಕಿದೆಯಾ ಅಂತ ನಾನು ಮೊದಲು ಓದಿಸಿ ಕೇಳುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ